14×11 ಕೋಣೆಯಲ್ಲಿ ದೊಡ್ಡ ಟವರ್ ಸ್ಪೀಕರ್: ಬರೀ ಗುಂಯ್ ಅನ್ನುತ್ತೆ, ಆಂಪ್ ಬದಲಿಸಬೇಕಾ?

ಶ್ರುತಿಪೆಟ್ಟಿಗೆ
ನಮಸ್ಕಾರ, ನೇರ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಅಪಾರ್ಟ್‌ಮೆಂಟು, ಎರಡನೇ ಬೆಡ್‌ರೂಮೇ ಹಾಡು ಕೇಳೋ ಕೋಣೆ. ಉದ್ದ 14 ಅಡಿ, ಅಗಲ 11, ಎತ್ತರ 9.5. ನೆಲ ವಿಟ್ರಿಫೈಡ್ ಟೈಲ್ಸ್, ಎಡಕ್ಕೆ ಗಾಜಿನ ಸ್ಲೈಡಿಂಗ್ ಕಿಟಕಿ, ಬಲಕ್ಕೆ ಪ್ಲೈವುಡ್ ವಾರ್ಡ್‌ರೋಬ್.

ಸ್ಪೀಕರ್: ಮೂರು ದಾರಿಯ ಟವರ್, ಒಂದೊಂದರಲ್ಲೂ ಬಾಸ್ ನುಡಿಸೋ ನಾಲ್ಕು 6.5 ಇಂಚಿನ ವೂಫರ್, ಹಿಂದೆ ಎರಡು ಪೋರ್ಟ್ (ಗಾಳಿಯಾಡೋ ತೂತು). ಸೆನ್ಸಿಟಿವಿಟಿ 90 ಡಿಬಿ, ಇಂಪೀಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಹೆಸರಿಗೆ 8 ಓಮ್, ಕನಿಷ್ಠ 3.2. ಬ್ರಾಂಡ್ ಹೇಳಲ್ಲ, ಹೇಳಿದರೆ ಜಗಳ ಬೇರೆ ಕಡೆ ಹೋಗುತ್ತೆ. ಆಂಪ್: 7 ಚಾನೆಲ್ ಎವಿ ರಿಸೀವರ್, 8 ಓಮ್‌ಗೆ 95 ವ್ಯಾಟ್. ಸ್ಪೀಕರ್ ಹಿಂದಿನ ಗೋಡೆಯಿಂದ 8 ಇಂಚು ಆಚೆ. ಸೋಫಾ ಎದುರು ಗೋಡೆಗೆ ಅಂಟಿಕೊಂಡಿದೆ.

ತೊಂದರೆ: ಮೃದಂಗದ ತೊಪ್ಪಿ ಕಡೆ ಪೆಟ್ಟು ಬಿದ್ದರೆ ಒಂದೊಂದು ಗುಮ್ಕಿಯೂ ಬೇರೆಬೇರೆ ಕೇಳಬೇಕು ತಾನೇ, ಇಲ್ಲಿ ಎಲ್ಲಾ ಸೇರಿ ಒಂದೇ ಗುಂಯ್. ಗಂಡು ಗಾಯಕರ ದನಿ ಮಾತ್ರ ಎದೆಯಿಂದ ಬರದೆ ಗಂಟಲಿಂದ ಬಂದಂಗೆ ತೆಳು. ಅಂಗಡಿಯವರು ಹೇಳೋದು: "ರಿಸೀವರ್‌ಗೆ ಈ ಸ್ಪೀಕರ್ ಹಿಡಿಯೋ ಶಕ್ತಿ ಇಲ್ಲ, 200 ವ್ಯಾಟಿನ ಪವರ್ ಆಂಪ್ ಹಾಕಿ, ಬಾಸ್ ಬಿಗಿಯಾಗುತ್ತೆ." ಸ್ನೇಹಿತರೊಬ್ಬರು ಟ್ರಾನ್ಸಿಸ್ಟರ್ ಬದಲು 300ಬಿ ಅನ್ನೋ ಗಾಜಿನ ವಾಲ್ವ್ ಇರೋ ಆಂಪ್ ಅಂತಾರೆ. ಯಾವುದು ಸರಿ?

ಮೂಲೆಮನೆ
ಎರಡೂ ಅಲ್ಲ. ಸೋಫಾ ಗೋಡೆಯಿಂದ ಎಳೀರಿ. ಆಮೇಲೆ ಮಾತಾಡೋಣ.

ಗದಗಿನಾಂವ
ಇಷ್ಟ ಸಣ್ಣ ಖೋಲಿಗೆ ಎಂಟು ವೂಫರ್ ತಂದು ಕೂಡ್ಸೀರಲ್ರೀ! ಬಚ್ಚಲಮನಿಯೊಳಗ ಡೊಳ್ಳು ಬಾರ್ಸಿಧಂಗ ಆಗತದ.

ಓಮಯ್ಯ
ಅಂಗಡಿಯವರ ಮಾತಿಗೆ ಲೆಕ್ಕ ಹಾಕಿ ನೋಡೋಣ. 90 ಡಿಬಿ ಅನ್ನೋದು 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ. ನೀವು ಕೂತಿರೋದು ಸುಮಾರು 3 ಮೀಟರ್ ದೂರ, ಸೋಫಾ ಎಳೆದರೆ 2.4. ಬಯಲಲ್ಲಾದರೆ 2.4 ಮೀಟರಿಗೆ 7.6 ಡಿಬಿ ಇಳಿಯುತ್ತೆ, ಮುಚ್ಚಿದ ಕೋಣೆಯಲ್ಲಿ ಅಷ್ಟು ಇಳಿಯಲ್ಲ, 5 ಅಂತ ಇಟ್ಟುಕೊಳ್ಳಿ. ಎರಡು ಸ್ಪೀಕರ್ ಇರೋದಕ್ಕೆ 3 ಕೂಡಿಸಿ. ಅಂದರೆ 2.83 ವೋಲ್ಟಿಗೇ ಕಿವಿ ಹತ್ರ 88 ಡಿಬಿ.

ಅಪಾರ್ಟ್‌ಮೆಂಟಲ್ಲಿ ಸರಾಸರಿ 78 ಡಿಬಿಗಿಂತ ಜೋರಾಗಿ ಹಾಕಿದರೆ ಮೇಲಿನ ಮನೆಯವರು ಇಳಿದು ಬರ್ತಾರೆ. ಆ 78ಕ್ಕೆ ಬೇಕಾಗೋದು ಹತ್ತನೇ ಒಂದು ವ್ಯಾಟ್. ಚಂಡೆಯೋ ತಬಲೆಯೋ ತಟ್ಟಂತ ಹೊಡೆದಾಗ 103 ಡಿಬಿ ಮುಟ್ಟಬೇಕು ಅಂದರೂ 15 ಡಿಬಿ ಹೆಚ್ಚು, ಅಂದರೆ 16 ವೋಲ್ಟ್, 8 ಓಮ್ ಲೆಕ್ಕದಲ್ಲಿ 32 ವ್ಯಾಟ್. ಇಂಪೀಡೆನ್ಸ್ 3.2ಕ್ಕೆ ಇಳಿದಿರೋ ಕಡೆ ಅದೇ 16 ವೋಲ್ಟಿಗೆ 5 ಆಂಪ್ ಕರೆಂಟು. 95 ವ್ಯಾಟಿನ ರಿಸೀವರ್ 27 ವೋಲ್ಟ್ ಮೇಲೆ ಕೊಡುತ್ತೆ, ಎರಡೇ ಚಾನೆಲ್ ಓಡ್ತಿದ್ದರೆ 5 ಆಂಪ್ ಅದಕ್ಕೆ ಉಸಿರುಗಟ್ಟೋ ವಿಷಯ ಅಲ್ಲ. ಗುಂಯ್ ಅನ್ನೋದು ಶಕ್ತಿ ಸಾಲದೆ ಬಂದದ್ದಲ್ಲ. ಶಕ್ತಿ ಸಾಲದಿದ್ದರೆ ಜೋರು ಮಾಡಿದಾಗ ಮಾತ್ರ ದನಿ ಒರಟಾಗುತ್ತೆ, ಕೊನೆಗೆ ಪ್ರೊಟೆಕ್ಷನ್‌ಗೆ ಹೋಗಿ ಟಪ್ ಅಂತ ಆಫ್ ಆಗುತ್ತೆ. ಮೆಲ್ಲಗೆ ಹಾಕಿದಾಗಲೂ ಗುಂಯ್ ಇದೆಯಾ? ಇದ್ದರೆ ಆಂಪ್ ನಿರಪರಾಧಿ.

ಒಂದು ಚೆಕ್ ಮಾಡಿ: ರಿಸೀವರ್ ಸೆಟ್ಟಿಂಗಲ್ಲಿ ಸ್ಪೀಕರ್ ಇಂಪೀಡೆನ್ಸ್ 4 ಓಮ್ ಅಂತ ಇಟ್ಟಿದ್ದೀರಾ?

ಶ್ರುತಿಪೆಟ್ಟಿಗೆ
ಹೌದು ಸರ್, 4ಕ್ಕೇ ಇಟ್ಟಿದ್ದೇನೆ, ಕನಿಷ್ಠ 3.2 ಅಂತ ಇತ್ತಲ್ಲ ಅಂತ. ಮೆಲ್ಲಗೆ ಹಾಕಿದಾಗಲೂ ಗುಂಯ್ ಇದೆ. ಇನ್ನೂ ಹೇಳಬೇಕಂದ್ರೆ ಮೆಲ್ಲಗೆ ಹಾಕಿದಾಗಲೇ ಜಾಸ್ತಿ!

ಓಮಯ್ಯ
ಆ ಸ್ವಿಚ್ 8ಕ್ಕೆ ವಾಪಸ್ ಹಾಕಿ. ಹೆಚ್ಚಿನ ರಿಸೀವರ್‌ಗಳಲ್ಲಿ ಅದು ಮಾಡೋ ಕೆಲಸ ಔಟ್‌ಪುಟ್ಟಿಗೆ ಸಿಗೋ ವೋಲ್ಟೇಜ್ ಕತ್ತರಿಸೋದು, ಬಿಸಿ ಕಡಿಮೆ ಇರಲಿ ಅಂತ. ಕರೆಂಟು ಹೆಚ್ಚೇನೂ ಬರಲ್ಲ, ನಿಮ್ಮ 95 ವ್ಯಾಟ್ ಸುಮ್ಮನೆ ಕುಗ್ಗುತ್ತೆ. ಮೇಲೆ ಗಾಳಿಯಾಡೋಕೆ ಅರ್ಧ ಅಡಿ ಜಾಗ ಬಿಡಿ, ಸಾಕು.

ಮೆಲ್ಲಗೆ ಹಾಕಿದಾಗಲೇ ಹೆಚ್ಚು ಅಂದರೆ ಇನ್ನೊಂದು ಗುಮಾನಿ. ಡೈನಾಮಿಕ್ ಇಕ್ಯೂ ಆನ್ ಇದೆಯಾ?

ಶ್ರುತಿಪೆಟ್ಟಿಗೆ
ಇದೆ. ರೂಮ್ ಕ್ಯಾಲಿಬ್ರೇಷನ್ ಮುಗಿದ ಮೇಲೆ ತಾನಾಗೇ ಆನ್ ಆಗಿತ್ತು.

ಓಮಯ್ಯ
ಸಿಕ್ಕಿಬಿತ್ತು ಒಂದು ಕಳ್ಳ. ಆಡಿಸಿ (Audyssey) ಅನ್ನೋ ರೂಮ್ ಕ್ಯಾಲಿಬ್ರೇಷನ್ ತಂತ್ರಾಂಶ ಇರೋ ರಿಸೀವರ್‌ಗಳಲ್ಲಿ ಡೈನಾಮಿಕ್ ಇಕ್ಯೂ ವಾಲ್ಯೂಮ್ ಇಳಿಸಿದಷ್ಟೂ ಬಾಸ್ ಏರಿಸುತ್ತೆ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತೆ ಅನ್ನೋದನ್ನ ಸರಿದೂಗಿಸೋಕೆ. ಆದರೆ ಅದರ ಲೆಕ್ಕ ಸಿನಿಮಾದ ರೆಫರೆನ್ಸ್ ಮಟ್ಟದ್ದು. ಸಂಗೀತದ ರೆಕಾರ್ಡಿಂಗಿಗೆ ಅಂಥ ಮಟ್ಟವೇ ಇಲ್ಲ, ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತೆ. ಹಾಡು ಕೇಳುವಾಗ ಆಫ್ ಮಾಡಿ, ಇಲ್ಲ ರೆಫರೆನ್ಸ್ ಲೆವೆಲ್ ಆಫ್‌ಸೆಟ್ 10 ಅಥವಾ 15ಕ್ಕೆ ಇಡಿ.

ಗಾಜಿನದೀಪ
ಲೆಕ್ಕ ಎಲ್ಲಾ ಸರಿ, ಆದರೆ 300ಬಿ ಒಂದು ಸಲ ಕೇಳಿದವರು ಲೆಕ್ಕ ಹಾಕೋದು ಬಿಡ್ತಾರೆ. ಮಧ್ಯಮ ಸ್ಥಾಯಿಯ ದನಿ, ವೀಣೆಯ ಮೀಟು, ಆ ತುಂಬುತನ ಟ್ರಾನ್ಸಿಸ್ಟರ್‌ಗೆ ಬರಲ್ಲ. 0.1 ವ್ಯಾಟ್ ಸಾಕು ಅಂತ ಓಮಯ್ಯನವರೇ ಒಪ್ಪಿದ ಮೇಲೆ 8 ವ್ಯಾಟ್ ಯಾಕೆ ಸಾಲದು?

ಓಮಯ್ಯ
ವ್ಯಾಟ್ ಮಾತೇ ಬೇಡ, ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನದೇ ಒಳತಡೆ ನೋಡಿ ಗುರುಗಳೇ. ಫೀಡ್‌ಬ್ಯಾಕ್ ಇಲ್ಲದ ಸಿಂಗಲ್ ಎಂಡೆಡ್ 300ಬಿಗೆ 2 ಓಮ್ ಅಂತ ಹಿಡಿಯಿರಿ. ಇವರ ಸ್ಪೀಕರ್ 3.2 ಓಮ್ ಇರೋ ಆವರ್ತನದಲ್ಲಿ ಆ 2 ಓಮ್ 4.2 ಡಿಬಿ ತಿನ್ನುತ್ತೆ. 20 ಓಮ್‌ಗೆ ಏರಿರೋ ಕಡೆ ಬರೀ 0.8. ಅಂದರೆ ಸ್ಪೀಕರಿನ ಇಂಪೀಡೆನ್ಸ್ ಗ್ರಾಫ್ ಹೇಗೆ ಏರಿಳಿಯುತ್ತೋ ದನಿಯೂ ಹಾಗೇ ಏರಿಳಿಯುತ್ತೆ, 3.4 ಡಿಬಿ ವ್ಯತ್ಯಾಸ. ಸ್ಪೀಕರ್ ಮಾಡಿದವರು ಕ್ರಾಸ್‌ಓವರಲ್ಲಿ (ವೂಫರ್, ಟ್ವೀಟರಿಗೆ ಸ್ವರ ಹಂಚೋ ಸರ್ಕ್ಯೂಟ್) ಕೂತು ಅರ್ಧ ಡಿಬಿಗೆ ಒದ್ದಾಡಿರ್ತಾರೆ, ನಾವು ಒಂದೇ ಆಂಪ್ ಹಾಕಿ ಅದನ್ನ ಕೆಡಿಸ್ತೀವಿ. ಅದನ್ನೇ ಕೆಲವರು ತುಂಬುತನ ಅಂತಾರೆ.

300ಬಿಗೆ ಹೊಂದೋ ಸ್ಪೀಕರ್ ಇದೆ. ಕ್ಲಿಪ್ಷ್‌ಹಾರ್ನ್ ತಗೊಳ್ಳಿ: 1946ರ ವಿನ್ಯಾಸ, ಕಂಪನಿ ಹೇಳೋ ಸೆನ್ಸಿಟಿವಿಟಿ 105 ಡಿಬಿ. ಅದಕ್ಕೆ 8 ವ್ಯಾಟ್ ಅಂದರೆ ಊರಿಗೆಲ್ಲಾ ಕೇಳುತ್ತೆ.

ಗಾಜಿನದೀಪ
ಕ್ಲಿಪ್ಷ್‌ಹಾರ್ನ್ ಇಡೋಕೆ ಎರಡು ಖಾಲಿ ಮೂಲೆ ಬೇಕಲ್ಲಪ್ಪ, ಇವರ ಕೋಣೆಯಲ್ಲಿ ಒಂದು ಕಡೆ ವಾರ್ಡ್‌ರೋಬ್. ವಾಲ್ವ್ ಆಂಪಿನ ಹಿಂದೆ ಇರೋ 4 ಓಮ್ ಟ್ಯಾಪಿಗೆ (ಟರ್ಮಿನಲ್ಲಿಗೆ) ಸ್ಪೀಕರ್ ಹಾಕಿದರೆ ಔಟ್‌ಪುಟ್ ಇಂಪೀಡೆನ್ಸ್ ಅರ್ಧ ಆಗುತ್ತೆ, ಅದನ್ನ ಹೇಳಲೇ ಇಲ್ಲ ನೀವು.

ಓಮಯ್ಯ
ಒಪ್ಪಿದೆ, ಸುಮಾರು ಅರ್ಧ ಆಗುತ್ತೆ, ವ್ಯತ್ಯಾಸ 2 ಡಿಬಿಗೆ ಇಳಿಯುತ್ತೆ. ಆದರೂ 40 ಹರ್ಟ್ಸಿನ ಗುಂಯ್ ಹೋಗಲ್ಲ.

ಅಳತೆಗೋಲು
40 ಹರ್ಟ್ಸ್ ಅಂತ ಹೇಗೆ ಗೊತ್ತು ಅಂತ ಯಾರಾದರೂ ಕೇಳೋಕೆ ಮುಂಚೆ: 565ನ್ನ (ಸೆಕೆಂಡಿಗೆ ಅಡಿ ಲೆಕ್ಕದಲ್ಲಿ ಶಬ್ದದ ವೇಗದ ಅರ್ಧ) ಅಡಿಯಲ್ಲಿರೋ ಅಳತೆಯಿಂದ ಭಾಗಿಸಿ. ಉದ್ದ 14ಕ್ಕೆ 40 ಹರ್ಟ್ಸ್, ಅದರ ದುಪ್ಪಟ್ಟು 81. ಅಗಲ 11ಕ್ಕೆ 51, ದುಪ್ಪಟ್ಟು 103. ಎತ್ತರಕ್ಕೆ 59. ಇವು ಕೋಣೆ ತಾನಾಗಿ ಮೊಳಗೋ ಶ್ರುತಿಗಳು, ಅಂದರೆ ಮೋಡ್‌ಗಳು, ಘಟಕ್ಕೆ ಅದರದೇ ಶ್ರುತಿ ಇದ್ದಂಗೆ. ಗೋಡೆಗೆ ಅಂಟಿಕೊಂಡು ಕೂತರೆ ಉದ್ದದ ಅಷ್ಟೂ ಮೋಡ್‌ಗಳು ಪೂರ್ತಿ ಜೋರಾಗಿ ಕೇಳುತ್ತೆ, ಒತ್ತಡ ಗೋಡೆ ಹತ್ರವೇ ಗರಿಷ್ಠ. ಸ್ಪೀಕರೂ ಇನ್ನೊಂದು ಗೋಡೆಗೆ ಅಂಟಿದೆ, ಅಂದರೆ ಅಲ್ಲಿಂದ ಗರಿಷ್ಠ ಎಬ್ಬಿಸ್ತಾ ಇದೆ. ಎರಡೂ ತುದಿ ಕೆಟ್ಟ ಜಾಗ.

ತೆಳು ದನಿಯ ಕಾರಣ ಬೇರೆ. ಸ್ಪೀಕರ್ ಆಳ ಎಷ್ಟು?

ಶ್ರುತಿಪೆಟ್ಟಿಗೆ
ಸುಮಾರು 38 ಸೆಂಮೀ.

ಅಳತೆಗೋಲು
ಹಿಂದೆ 20, ಜೊತೆಗೆ 38, ವೂಫರಿನ ಮುಖ ಗೋಡೆಯಿಂದ 58 ಸೆಂಮೀ. ಬಾಸ್ ಎಲ್ಲಾ ದಿಕ್ಕಿಗೂ ಹರಡುತ್ತೆ, ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ. ದೂರ ಕಾಲು ತರಂಗಾಂತರ ಆಗಿರೋ ಆವರ್ತನದಲ್ಲಿ ಅದು ಉಲ್ಟಾ ಆಗಿ ಬಂದು ನೇರ ಶಬ್ದವನ್ನ ಕೊಲ್ಲುತ್ತೆ. ಶಬ್ದದ ವೇಗ 343 ಮೀಟರನ್ನ 4ರಿಂದ, ಆಮೇಲೆ 0.58ರಿಂದ ಭಾಗಿಸಿ: 148 ಹರ್ಟ್ಸ್. ಗಂಡು ದನಿಯ ಎದೆ ಭಾಗ ಇರೋದೇ ಅಲ್ಲಿ. 40ರಲ್ಲಿ ಗುಡ್ಡ, 148ರಲ್ಲಿ ಹಳ್ಳ. ಅದಕ್ಕೇ ಗುಂಯ್ ಅಂತಲೂ ಅನ್ನಿಸುತ್ತೆ, ತೆಳು ಅಂತಲೂ ಅನ್ನಿಸುತ್ತೆ.

ತಂತಿಪುರಾಣ
ಎಲ್ಲರೂ ಕೋಣೆ ಹಿಂದೆ ಬಿದ್ದಿದ್ದೀರಿ. ಕೇಬಲ್ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಒಳ್ಳೆ ಕೇಬಲ್ ಹಾಕಿ, ಬೈವೈರ್ ಮಾಡಿ (ವೂಫರಿಗೊಂದು, ಟ್ವೀಟರಿಗೊಂದು ಬೇರೆ ವೈರ್), ಬಾಸ್ ಬಿಗಿಯಾಗದಿದ್ದರೆ ಕೇಳಿ.

ಓಮಯ್ಯ
ಸರಿ, ಅದಕ್ಕೂ ಲೆಕ್ಕ. 2.5 ಚದರ ಮಿಮೀ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0074 ಓಮ್. 4 ಮೀಟರ್ ದೂರ, ಹೋಗಿ ಬರೋಕೆ 8 ಮೀಟರ್, 0.06 ಓಮ್. 3.2 ಓಮ್ ಲೋಡಿಗೆ ನಷ್ಟ 0.16 ಡಿಬಿ. ಟಿವಿ ಜೊತೆ ಬರೋ ದಾರದಂಥ 0.5 ಚದರ ಮಿಮೀ ಆದರೆ 0.8 ಡಿಬಿ, ಅದು ಬೇಡ. ಎಲೆಕ್ಟ್ರಿಕಲ್ ಅಂಗಡಿಯ 2.5ರ ಎರಡೆಳೆ ಫ್ಲೆಕ್ಸಿಬಲ್ ವೈರ್, ಎಸ್‌ಪಿ ರೋಡಲ್ಲಿ ನಾಲ್ಕು ಜೊತೆ ಬನಾನಾ ಪ್ಲಗ್. ಮುಗೀತು. ಬನಾನಾ ಬಿಗಿಯುವಾಗ ಒಂದೇ ಒಂದು ಎಳೆ ಈಚೆ ಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಆಂಪ್ ಹೋಗುತ್ತೆ, ಅಷ್ಟು ಜೋಪಾನ ಸಾಕು.

ಬೈವೈರ್ ಮಾಡದಿದ್ದರೆ, ಎರಡು ಜೊತೆ ಟರ್ಮಿನಲ್ ಇರೋ ಸ್ಪೀಕರಲ್ಲಿ ನಡುವಿನ ಜಂಪರ್ ಪಟ್ಟಿ ಬಿಗಿ ಇದೆಯಾ ನೋಡಿ. ಅದು ಸಡಿಲ ಆಗಿ ಟ್ವೀಟರೇ ಹಾಡದೆ ಇರೋದು ಸಾಮಾನ್ಯ ಪ್ರಕರಣ.

ತಂತಿಪುರಾಣ
ಕಿವಿಯನ್ನ ಮಲ್ಟಿಮೀಟರ್‌ನಿಂದ ಅಳೆಯೋರ ಜೊತೆ ವಾದ ಬೇಡ.

ಗದಗಿನಾಂವ
ಬ್ಯಾಡಂದ್ರ ಬ್ಯಾಡ. ಹೋಳಿಗಿ ತಿನ್ನೋಣ ಬರ್ರಿ.

ಡಲ್ಲಾಸ್‌ದೋಸೆ
ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಇಂಟರ್ನೆಟ್ಟಲ್ಲಿ ಸಿಗೋ ರಿವ್ಯೂಗಳು ಹೆಚ್ಚಿನವು ಅಮೆರಿಕದ ಮನೆಗಳಲ್ಲಿ ಬರೆದದ್ದು. ಇಲ್ಲಿ ಗೋಡೆ ಅಂದರೆ ಮರದ ಚೌಕಟ್ಟಿಗೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡ್. ಬಾಸ್ ಬಂದಾಗ ಗೋಡೆಯೇ ನಡುಗಿ ಒಂದಷ್ಟು ನುಂಗುತ್ತೆ, ಒಂದಷ್ಟು ಆಚೆ ಸೋರುತ್ತೆ. ನಮ್ಮೂರಿನ ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್, ಆರ್‌ಸಿಸಿ ಚಾವಣಿ ಏನೂ ನುಂಗಲ್ಲ, ಪೂರ್ತಿ ವಾಪಸ್ ಎಸೆಯುತ್ತೆ. ಅಲ್ಲಿ "ಬಾಸ್ ಹದವಾಗಿದೆ" ಅಂತ ಬರೆದ ಸ್ಪೀಕರ್ ಇಲ್ಲಿ ಅಷ್ಟೇ ಅಳತೆಯ ಕೋಣೆಯಲ್ಲಿ ಗುಡುಗುತ್ತೆ. ಕೊಳ್ಳುವಾಗ ಒಂದು ಸೈಜ್ ಚಿಕ್ಕದು ತಗೊಳ್ಳೋದು ಜಾಣತನ.

ಕಡಲತಡಿ
ಹೌದು ಮಾರಾಯ್ರೆ. ನಮ್ಮ ಕಡೆಯ ಹಳೇ ಹಂಚಿನ ಮನೆಗಳಲ್ಲಿ ಇದೇ ಟವರ್ ಇಟ್ಟು ನೋಡಿ: ಮೇಲೆ ಮರದ ಅಟ್ಟ, ಅದರ ಮೇಲೆ ಹಂಚು, ಸಂದಿಯಲ್ಲೆಲ್ಲಾ ಗಾಳಿ. ಗುಂಯ್ ಅನ್ನುವ ಪ್ರಶ್ನೆಯೇ ಇಲ್ಲ, ಬಾಸ್ ಸ್ವಲ್ಪ ಸಾಲದು ಅನ್ನಿಸೀತು ಅಷ್ಟೇ. ಆದರೆ ಕರಾವಳಿಯ ತೇವಕ್ಕೆ ಫೋಮ್ ಸರೌಂಡ್ (ಕೋನಿನ ಸುತ್ತಲಿನ ಮೆತ್ತನೆ ಅಂಚು) ಇರುವ ವೂಫರ್ ಬಾಳುವುದಿಲ್ಲ, ಪುಡಿ ಪುಡಿ ಆಗುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆಯುವವರು ಗ್ರಿಲ್ ತೆಗೆದು ಕೋನಿನ ಅಂಚನ್ನು ಬೆರಳಲ್ಲಿ ಮೆಲ್ಲ ಒತ್ತಿ ನೋಡಿ. ಅಂಟಂಟಾದರೆ, ಬೆರಳಿಗೆ ಕಪ್ಪು ಹತ್ತಿದರೆ ಬಿಟ್ಟುಬಿಡಿ. ರಬ್ಬರ್ ಸರೌಂಡ್ ಆದರೆ ಚಿಂತೆ ಇಲ್ಲ.

ಶ್ರುತಿಪೆಟ್ಟಿಗೆ
ಡೈನಾಮಿಕ್ ಇಕ್ಯೂ ಆಫ್, ಇಂಪೀಡೆನ್ಸ್ 8. ಮೆಲ್ಲಗೆ ಹಾಕಿದಾಗಿನ ರಗಳೆ ಅರ್ಧ ಕಡಿಮೆ ಆಯ್ತು. ಈಗ ಸ್ಪೀಕರ್ ಎಲ್ಲಿ, ಸೋಫಾ ಎಲ್ಲಿ? ಯಾರಾದರೂ ಅಡಿ ಲೆಕ್ಕದಲ್ಲಿ ಹೇಳಿ.

ಮೂಲೆಮನೆ
ಸೋಫಾ ಹಿಂದಿನ ಗೋಡೆಯಿಂದ ನಿಮ್ಮ ಕಿವಿಗೆ 3.5 ಅಡಿ. ಅದು ಉದ್ದದ ಕಾಲು ಭಾಗ, 81 ಹರ್ಟ್ಸಿನ ಮೋಡ್ ಅಲ್ಲಿ ಸೊನ್ನೆ. 40 ಹರ್ಟ್ಸೂ ಗೋಡೆ ಹತ್ರ ಇದ್ದದ್ದಕ್ಕಿಂತ 3 ಡಿಬಿ ಇಳಿಯುತ್ತೆ. ಸ್ಪೀಕರ್ ಮುಖವೂ ಆ ಕಡೆ ಗೋಡೆಯಿಂದ 3.5 ಅಡಿ ಇಡಿ. ಅಗಲದಲ್ಲಿ ನೀವು ನಟ್ಟನಡುವೆ, ಅಲ್ಲಿ 51 ಹರ್ಟ್ಸ್ ಸೊನ್ನೆ.

ಅಳತೆಗೋಲು
ಮೊದಲರ್ಧ ಸರಿ, ಎರಡನೇದು ತಪ್ಪು. ಕಿವಿ, ಸ್ಪೀಕರ್ ಎರಡೂ ಕಾಲು ಭಾಗದಲ್ಲಿ ಕೂತರೆ 81 ಹರ್ಟ್ಸಲ್ಲಿ ದೊಡ್ಡ ಗುಂಡಿ ಬೀಳುತ್ತೆ. ಸ್ಪೀಕರ್ ಎಬ್ಬಿಸಲ್ಲ, ಕಿವಿಗೂ ಕೇಳಲ್ಲ. ಸ್ಪೀಕರ್ ಹಿಂದಿನ ಗೋಡೆಯ ಪ್ರತಿಫಲನದ ಲೆಕ್ಕ ಹಾಕಿದರೂ 3.5 ಅಡಿಗೆ 80 ಹರ್ಟ್ಸೇ ಬರುತ್ತೆ, ಎರಡೂ ಒಂದೇ ಭೌತಶಾಸ್ತ್ರದ ಎರಡು ಹೆಸರು. ತೊಪ್ಪಿಯ ಪೆಟ್ಟಿಗೆ ಮೈ ಕೊಡೋ ಜಾಗವನ್ನೇ ಕಿತ್ತುಹಾಕಿದಂಗೆ ಆಗುತ್ತೆ.

ಸೋಫಾ 3.5 ಇರಲಿ. ಸ್ಪೀಕರ್ ಮುಖ 2.5 ಅಡಿಗೆ ತನ್ನಿ, ಅಂದರೆ ಹಿಂದೆ 15 ಇಂಚು ಖಾಲಿ. ಆಗ ಹಳ್ಳ 113 ಹರ್ಟ್ಸಿಗೆ ಇಳಿಯುತ್ತೆ, ಕಿವಿಗೂ ಸ್ಪೀಕರಿಗೂ 8 ಅಡಿ ಸಿಗುತ್ತೆ. ಪಕ್ಕದ ಗೋಡೆಗಳಿಂದ 2 ಅಡಿ 9 ಇಂಚು, ನಡುವೆ 5.5 ಅಡಿ. ಗಮನಿಸಿ, ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಒಂದೇ ದೂರ ಇರಬಾರದು. ಇದ್ದರೆ ಎರಡು ಹಳ್ಳ ಒಂದರ ಮೇಲೊಂದು ಬಿದ್ದು ಬಾವಿ ಆಗುತ್ತೆ. ಸ್ಪೀಕರ್ ವಿನ್ಯಾಸಕ ರಾಯ್ ಆಲಿಸನ್ 1970ರ ದಶಕದಲ್ಲೇ ಇದನ್ನ ಅಳೆದು ತೋರಿಸಿದ್ದರು.

ಈ ಅಂಕಿಗಳು ಬರೀ ಶುರು ಮಾಡೋಕೆ. ಬಾಗಿಲು, ಕಿಟಕಿ, ವಾರ್ಡ್‌ರೋಬ್ ಎಲ್ಲಾ ಸೇರಿ ಲೆಕ್ಕ ಒಂದೆರಡು ಹರ್ಟ್ಸ್ ಜರುಗುತ್ತೆ. ನೆಲಕ್ಕೆ ಪೇಪರ್ ಟೇಪ್ ಅಂಟಿಸಿ ಗುರುತು ಹಾಕಿ, 2 ಇಂಚು 2 ಇಂಚಾಗಿ ಸರಿಸಿ.

ಮೂಲೆಮನೆ
ಸರಿ, ಅವಸರ ಮಾಡಿದೆ. ಪೋರ್ಟಿಗೆ ಫೋಮ್ ಬಿರಡೆ ಕೊಟ್ಟಿರ್ತಾರಲ್ಲ, ಅದನ್ನ ಹಾಕಿದ್ದಾರಾ ಅಂತ ಕೇಳೋದು ಮರೆತೆ.

ಶ್ರುತಿಪೆಟ್ಟಿಗೆ
ಡಬ್ಬಿಯಲ್ಲೇ ಇದೆ. ಉಂಗುರದ ಥರ ಒಂದು, ಅದರೊಳಗೆ ಕೂರೋ ತುಂಡು ಒಂದು. ಪ್ಯಾಕಿಂಗ್ ಅಂದುಕೊಂಡಿದ್ದೆ.

ಮೂಲೆಮನೆ
ಅಯ್ಯೋ ದೇವರೇ. ಅದು ಚಿನ್ನ. ಉಂಗುರ ಮಾತ್ರ ಹಾಕಿದರೆ ಪೋರ್ಟ್ ಕಿರಿದಾಗಿ ಅದರ ಶ್ರುತಿ ಕೆಳಗಿಳಿಯುತ್ತೆ. ಎರಡೂ ಹಾಕಿದರೆ ಹೆಚ್ಚುಕಮ್ಮಿ ಮುಚ್ಚಿದ ಪೆಟ್ಟಿಗೆ. ಪೋರ್ಟ್ ಇರೋ ಸ್ಪೀಕರ್ ಶ್ರುತಿಯ ಕೆಳಗೆ ಆಕ್ಟೇವಿಗೆ 24 ಡಿಬಿ ಬೀಳುತ್ತೆ, ಮುಚ್ಚಿದ್ದು 12 ಮಾತ್ರ, ಆದರೆ ಬೇಗ ಇಳಿಯೋಕೆ ಶುರು. ಕಾಂಕ್ರೀಟ್ ಗೋಡೆಯ ಚಿಕ್ಕ ಕೋಣೆ 40ರ ಕೆಳಗೆ ತಾನೇ ಬಾಸ್ ಎತ್ತಿಕೊಡುತ್ತೆ, ಆ 12ರ ಇಳಿಜಾರಿಗೆ ಸರಿಹೊಂದುತ್ತೆ. ನಿಮ್ಮ ಕೋಣೆಗೆ ನಾಲ್ಕೂ ಪೋರ್ಟ್ ಮುಚ್ಚಿ. ಬಿರಡೆ ಕಳೆದುಕೊಂಡವರು ಕಾಲುಚೀಲ ಸುತ್ತಿ ತುರುಕಿ ಪರೀಕ್ಷೆ ಮಾಡಬಹುದು, ಒಳಗೆ ಬೀಳದಂತೆ ಒಂದು ತುದಿ ಆಚೆ ಬಿಟ್ಟಿರಿ.

ಡಲ್ಲಾಸ್‌ದೋಸೆ
ಟವರ್ ತಗೊಂಡು ಪೋರ್ಟ್ ಮುಚ್ಚೋದಾದರೆ ಬುಕ್‌ಶೆಲ್ಫ್ ಜೊತೆಗೆ ಎರಡು ಸಬ್‌ವೂಫರ್ ತಗೊಂಡಿದ್ದರೆ ಆಗ್ತಿತ್ತಲ್ಲ? ಸಬ್ ಬಾಸಿಗೆ ಒಳ್ಳೆ ಜಾಗದಲ್ಲಿ, ಸ್ಪೀಕರ್ ದನಿಗೆ ಒಳ್ಳೆ ಜಾಗದಲ್ಲಿ. ಎರಡಕ್ಕೂ ಒಂದೇ ಜಾಗ ಸರಿಯಾಗೋದು ಅಪರೂಪ.

ಗಾಜಿನದೀಪ
ಈಗಾಗಲೇ ತಂದಿರೋ ವರನ ಮುಂದೆ ಬೇರೆ ಸಂಬಂಧ ತೋರಿಸ್ತೀರಲ್ಲ.

ಅಳತೆಗೋಲು
ಡಲ್ಲಾಸ್ ಅವರ ಮಾತಲ್ಲಿ ತಪ್ಪಿಲ್ಲ. ಸಬ್ ಸೇರಿಸೋ ದಿನ ಬಂದರೆ ರಿಸೀವರಲ್ಲಿ ಟವರನ್ನೂ ಸ್ಮಾಲ್ ಅಂತಲೇ ಸೆಟ್ ಮಾಡಿ 60 ಅಥವಾ 80 ಹರ್ಟ್ಸಿಗೆ ಕತ್ತರಿಸಿ, ಅದರ ಕೆಳಗಿನದು ಸಬ್‌ಗೆ ಹೋಗಲಿ. ಎಲ್‌ಎಫ್‌ಇ ಪ್ಲಸ್ ಮೇನ್ ಅಂತ ಇರೋ ಆಯ್ಕೆ ಬೇಡ, ಒಂದೇ ಬಾಸ್ ಎರಡು ಕಡೆಯಿಂದ ಬಂದು ಮತ್ತೆ ಗುಂಯ್.

ಈಗ ಅಳತೆ. ಯುಎಸ್‌ಬಿ ಕ್ಯಾಲಿಬ್ರೇಟೆಡ್ ಮೈಕ್, ಯುಮಿಕ್-1 ಥರದ್ದು, ಜೊತೆಗೆ ಆರ್‌ಇಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್. ಮೈಕಿನ ಸೀರಿಯಲ್ ನಂಬರಿನ ಕ್ಯಾಲಿಬ್ರೇಷನ್ ಫೈಲ್ ಲೋಡ್ ಮಾಡಿ. ಮೈಕನ್ನ ಕಿವಿ ಇರೋ ಎತ್ತರಕ್ಕೆ ಸ್ಟ್ಯಾಂಡಲ್ಲಿ ನಿಲ್ಲಿಸಿ, ಸೋಫಾದ ಮೇಲೆ ಒರಗಿಸಬೇಡಿ. ರೂಮ್ ಕರೆಕ್ಷನ್ ಪೂರ್ತಿ ಆಫ್. ಎಡ ಒಂದು ಸಲ, ಬಲ ಒಂದು ಸಲ, ಎರಡೂ ಸೇರಿ ಒಂದು ಸಲ ಸ್ವೀಪ್ (ಕೆಳಗಿಂದ ಮೇಲಕ್ಕೆ ಏರೋ ಪರೀಕ್ಷಾ ಸ್ವರ), 75 ಡಿಬಿ ಸುತ್ತಮುತ್ತ. ಫ್ಯಾನ್ ಆರಿಸೋದು ಮರೀಬೇಡಿ, ಬಾಸಲ್ಲಿ ಅದರ ಗಾಳಿಯೂ ದಾಖಲಾಗುತ್ತೆ. 300 ಹರ್ಟ್ಸ್ ಒಳಗಿನದು ನೋಡಿ. ಆಮೇಲೆ ವಾಟರ್‌ಫಾಲ್ ಗ್ರಾಫ್: ಗುಡ್ಡದ ಎತ್ತರಕ್ಕಿಂತ ಅದು ಎಷ್ಟು ಹೊತ್ತು ಎಳೆಯುತ್ತೆ ಅನ್ನೋದು ಮುಖ್ಯ. ಗುಮ್ಕಿಗಳು ಕಲಸಿಹೋಗೋದು ಆ ಬಾಲದಿಂದ.

ಗದಗಿನಾಂವ
ಮೈಕ್ ಇಲ್ದವ್ರು ಏನ್ ಮಾಡ್ಬೇಕ್ರಿ? ಮತ್ತ ಗ್ವಾಡಿಗೆ ತತ್ತಿ ಟ್ರೇ ಹಚ್ಚಿದ್ರ ನಡೀತದೇನು? ಥರ್ಮೋಕೋಲ್?

ಮೂಲೆಮನೆ
ಮೈಕ್ ಇಲ್ಲದಿದ್ದರೆ ಟೋನ್ ಜನರೇಟರ್ ಆ್ಯಪಲ್ಲಿ 30ರಿಂದ 120 ಹರ್ಟ್ಸ್ ತನಕ 2 ಹರ್ಟ್ಸ್ ಅಂತರದಲ್ಲಿ ಒಂದೊಂದೇ ನುಡಿಸಿ. ಯಾವುದು ಮೈಮೇಲೆ ಬರುತ್ತೆ, ಯಾವುದು ಮಾಯ ಆಗುತ್ತೆ ಬರೆದುಕೊಳ್ಳಿ. ಸದ್ದು ಮೆಲ್ಲಗೆ ಇಡಿ, ಶುದ್ಧ ಸ್ವರ ವೂಫರಿಗೆ ಭಾರ.

ತತ್ತಿ ಟ್ರೇ ಒಲೆ ಹಚ್ಚೋಕೆ ಸರಿ. ಥರ್ಮೋಕೋಲಲ್ಲಿ ಗಾಳಿ ಒಳಹೋಗೋ ರಂಧ್ರಗಳೇ ಇಲ್ಲ, ಶಬ್ದ ಏನು ಹೀರುತ್ತೆ? ತೆಳು ಕರ್ಟನ್, ತೆಳು ಕಾರ್ಪೆಟ್ ಟ್ರೆಬಲ್ ಮಾತ್ರ ತಿನ್ನುತ್ತೆ. ಅವನ್ನೇ ತುಂಬಿದರೆ ಮೇಲಿನ ಸ್ವರ ಸತ್ತು, ಗುಂಯ್ ಇನ್ನೂ ಎದ್ದು ಕೇಳುತ್ತೆ.

ಬೇಕಾದದ್ದು ರಾಕ್‌ವುಲ್. 48 ಅಥವಾ 64 ಕೆಜಿ ಸಾಂದ್ರತೆಯ 50 ಮಿಮೀ ಹಲಗೆ, ಎರಡು ಜೋಡಿಸಿ 4 ಇಂಚು ದಪ್ಪ. 4×2 ಅಡಿ ಮರದ ಚೌಕಟ್ಟು, ಹಿಂದೆ ಪ್ಲೈವುಡ್ ಮುಚ್ಚಬೇಡಿ, ಗೋಡೆಯಿಂದ 4 ಇಂಚು ಬಿಟ್ಟು ನಿಲ್ಲಿಸಿ. ಮೇಲೆ ಹೊದಿಸೋ ಬಟ್ಟೆಗೆ ಪರೀಕ್ಷೆ: ಬಾಯಿಟ್ಟು ಊದಿದರೆ ಗಾಳಿ ಆಚೆ ಬರಬೇಕು. ಖಾದಿ ಚೆನ್ನಾಗಿ ಕೆಲಸ ಮಾಡುತ್ತೆ, ರೆಕ್ಸಿನ್ ಬೇಡ. ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ. ಇಲ್ಲದಿದ್ದರೆ ಎರಡು ದಿನ ತುರಿಕೆ.

ಎಲ್ಲಿ ಇಡಬೇಕು ಅಂದರೆ, ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸಲಿ. ಟ್ವೀಟರ್ ಕಾಣಿಸಿದ ಜಾಗ ಒಂದು. ನಿಮ್ಮ ಬೆನ್ನಹಿಂದಿನ ಗೋಡೆ ಇನ್ನೊಂದು. ಗಾಜಿನ ಕಡೆ ದಪ್ಪ ವೆಲ್ವೆಟ್ ಪರದೆ, ಅಗಲದ ಒಂದೂವರೆ ಪಟ್ಟು ಬಟ್ಟೆ, ಗಾಜಿಂದ 4 ಇಂಚು ಈಚೆ. ಚಂಡೆಯ ಚರ್ರ್ ಅನ್ನೋದು ಆಗ ತಗ್ಗುತ್ತೆ.

ಅಳತೆಗೋಲು
ಒಂದು ತಿದ್ದುಪಡಿ. ಆ 4 ಇಂಚಿನ ಪ್ಯಾನೆಲ್ 100 ಹರ್ಟ್ಸ್ ಮೇಲಕ್ಕೆ ಕೆಲಸ ಮಾಡುತ್ತೆ. 40ಕ್ಕೆ ಏನೂ ಮಾಡಲ್ಲ. 40 ಹರ್ಟ್ಸಿನ ಕಾಲು ತರಂಗವೇ 7 ಅಡಿ. ಅದಕ್ಕೆ ಜಾಗ ಬದಲಾವಣೆ ಆದ ಮೇಲೆ ಉಳಿದದ್ದನ್ನ ಇಕ್ಯೂನಿಂದ (ಈಕ್ವಲೈಸರಿಂದ) ಕತ್ತರಿಸಬೇಕು. ಕತ್ತರಿಸಬಹುದು, ತುಂಬೋಕೆ ಹೋಗಬೇಡಿ. 10 ಡಿಬಿ ಹಳ್ಳ ತುಂಬೋಕೆ ಹತ್ತು ಪಟ್ಟು ವ್ಯಾಟ್ ಬೇಕು, ಅಷ್ಟು ಕೊಟ್ಟರೂ ಪ್ರತಿಫಲನವೂ ಅಷ್ಟೇ ಜೋರಾಗಿ ಬಂದು ಮತ್ತೆ ಕೊಲ್ಲುತ್ತೆ.

ಕಡಲತಡಿ
ಟೈಲ್ಸ್ ಮೇಲೆ ಸ್ಪೈಕ್ (ಸ್ಪೀಕರ್ ಅಡಿಯ ಚೂಪು ಕಾಲು) ಹಾಕಿದ್ದೀರಾ? ಅಡಿಯಲ್ಲಿ ಸ್ಟೀಲ್ ಬಿಲ್ಲೆ ಇಲ್ಲದಿದ್ದರೆ ಒಂದು ರೂಪಾಯಿ ನಾಣ್ಯ ಆದರೂ ಇಡಿ. ರೆಡ್ ಆಕ್ಸೈಡ್ ನೆಲ ಇರುವ ಮನೆಯವರಿಗೆ ಇದು ಕಡ್ಡಾಯ, ಚುಚ್ಚಿದ ಗುರುತು ಹೋಗುವುದಿಲ್ಲ. ಸರಿಸಿ ನೋಡುವ ತನಕ ಸ್ಪೈಕೇ ಹಾಕಬೇಡಿ, ಹಳೇ ಕಂಬಳಿ ತುಂಡಿನ ಮೇಲೆ ಇಟ್ಟರೆ ಒಬ್ಬರೇ ಎಳೆಯಬಹುದು.

ಶ್ರುತಿಪೆಟ್ಟಿಗೆ
ವರದಿ. ಮೈಕ್ ಸಾಲ ಸಿಕ್ಕಿತು. ಸೋಫಾ 3.5 ಅಡಿ, ಸ್ಪೀಕರ್ ಮುಖ 2.5, ನಾಲ್ಕೂ ಬಿರಡೆ ಹಾಕಿದೆ. 81ರ ಉಬ್ಬು ಹೋಯ್ತು. 148ರ ಹಳ್ಳ ತುಂಬಿದೆ, ದನಿಗೆ ಎದೆ ಬಂತು. 115 ಹತ್ರ ಸಣ್ಣ ತಗ್ಗು ಇದೆ, ಕಿವಿಗೆ ತಿಳಿಯಲ್ಲ. 41ರಲ್ಲಿ ಇನ್ನೂ 8 ಡಿಬಿ ಗುಡ್ಡ, ಬಾಲ ಅರ್ಧ ಸೆಕೆಂಡ್ ಮೇಲೆ. ಹಾಡು ನುಡಿಸೋ ಸ್ಟ್ರೀಮರಲ್ಲಿ ಪ್ಯಾರಾಮೆಟ್ರಿಕ್ ಇಕ್ಯೂ (ಬೇಕಾದ ಆವರ್ತನವನ್ನೇ ಆರಿಸಿ ಏರಿಸೋ ಇಳಿಸೋದು) ಇದೆ.

ಅಳತೆಗೋಲು
ಚೆನ್ನಾಗಿದೆ. ಫಿಲ್ಟರ್ ಒಂದೇ: 41 ಹರ್ಟ್ಸ್, ಮೈನಸ್ 7 ಡಿಬಿ, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಅನ್ನೋ ಅಂಕಿ) 5ರಿಂದ ಶುರು. ಮತ್ತೆ ಸ್ವೀಪ್ ಮಾಡಿ, ಗುಡ್ಡದ ಪಕ್ಕ ಹಳ್ಳ ಬಿದ್ದರೆ ಕ್ಯೂ ಏರಿಸಿ. ಆವರ್ತನ ಸರಿಯಾಗಿ ಕೂತರೆ ಎತ್ತರದ ಜೊತೆ ಬಾಲವೂ ಮೋಟಾಗುತ್ತೆ. ರಿಸೀವರಿನ ಕರೆಕ್ಷನ್ ಬೇಕೆಂದರೆ ಹಳೇ ಜಾಗದ ಕ್ಯಾಲಿಬ್ರೇಷನ್ ಅಳಿಸಿ ಹೊಸದಾಗಿ ಓಡಿಸಿ, ಅದರ ಆ್ಯಪಿನಲ್ಲಿ ತಿದ್ದೋದನ್ನ 300 ಹರ್ಟ್ಸ್ ಒಳಗೇ ಇರೋ ಹಾಗೆ ಮಿತಿ ಹಾಕಿ. ಆಗ ಸ್ಟ್ರೀಮರ್ ಫಿಲ್ಟರ್ ತೆಗೀರಿ, ಎರಡೂ ಒಟ್ಟಿಗೆ ಬೇಡ.

ಗಾಜಿನದೀಪ
ಪವರ್ ಆಂಪ್ ಬೇಡವೇ ಬೇಡ ಅಂತ ತೀರ್ಮಾನ ಆಯ್ತಾ ಹಾಗಾದರೆ?

ಓಮಯ್ಯ
ಈ ಕೋಣೆಗೆ, ಈ ಸದ್ದಿಗೆ ಬೇಡ. ದೊಡ್ಡ ಹಾಲು, 4 ಮೀಟರ್ ದೂರ, 85 ಡಿಬಿ ಸ್ಪೀಕರ್ ಆಗಿದ್ದರೆ ನಾನೇ ಹೇಳ್ತಿದ್ದೆ. ಇಂಪೀಡೆನ್ಸ್ ತಗ್ಗಿದ ಜಾಗದಲ್ಲೇ ಫೇಸ್ ಕೋನವೂ (ವೋಲ್ಟೇಜಿಗೂ ಕರೆಂಟಿಗೂ ನಡುವಿನ ಹಿಂದುಮುಂದು) ಮೈನಸ್ 50 ಡಿಗ್ರಿ ಇರೋ ಸ್ಪೀಕರ್‌ಗಳಿಗೂ ಬೇಕು, ಔಟ್‌ಪುಟ್ ಟ್ರಾನ್ಸಿಸ್ಟರ್ ಮೇಲೆ ಬೀಳೋ ಬಿಸಿ ಅರ್ಧ ಓಮ್‌ನ ಲೋಡಿನಷ್ಟು ಇರುತ್ತೆ. ಹಳೇ ಅಪೋಜಿ ಸಿಂಟಿಲ್ಲಾ ಸ್ಪೀಕರ್ ನೆನಪಿದೆಯಾ, 1 ಓಮ್ ರಿಬ್ಬನ್. ಅದಕ್ಕೆ ಆಂಪ್ ಹುಡುಕೋದೇ ಒಂದು ತಪಸ್ಸು.

ಮೂಲೆಮನೆ
"ಅರ್ಧ ಓಮ್‌ನ" ಅಲ್ಲ, ಇಂಪೀಡೆನ್ಸಿನ ಅರ್ಧದಷ್ಟು ಓಮ್‌ನ ಲೋಡು ಅನ್ನಿ. ಓದಿದವರು ಹೆದರ್ತಾರೆ.

ಓಮಯ್ಯ
ಹೌದು ಹೌದು. 3 ಓಮ್ ಇದ್ದರೆ ಸುಮಾರು 1.5ರಂತೆ.

ಶ್ರುತಿಪೆಟ್ಟಿಗೆ
ಫಿಲ್ಟರ್ ಹಾಕಿದೆ. ಗುಮ್ಕಿ ಒಂದೊಂದೂ ಎಣಿಸಬಹುದು ಈಗ. ಹೊಸ ರಗಳೆ: ಬಾಸ್ ಸ್ಪಷ್ಟ ಆದ ಮೇಲೆ ವಾರ್ಡ್‌ರೋಬ್ ಕಡೆಯಿಂದ ಝರ್ರ್ ಅಂತ ಸದ್ದು. ಮೊದಲು ಗುಂಯ್ ಒಳಗೆ ಮುಚ್ಚಿಹೋಗಿತ್ತೋ ಏನೋ.

ಕಡಲತಡಿ
50ರಿಂದ 70 ಹರ್ಟ್ಸ್ ಮೆಲ್ಲ ಸ್ವೀಪ್ ಮಾಡುತ್ತಾ ಒಂದೊಂದು ಬಾಗಿಲನ್ನು ಅಂಗೈಯಲ್ಲಿ ಒತ್ತಿ. ಯಾವುದನ್ನು ಒತ್ತಿದಾಗ ನಿಲ್ಲುತ್ತದೋ ಅದೇ. ಹೆಚ್ಚಾಗಿ ಹಿಡಿಕೆಯ ಸ್ಕ್ರೂ ಸಡಿಲ ಇರುತ್ತದೆ, ನಲ್ಲಿಯ ರಬ್ಬರ್ ವಾಷರ್ ಹಾಕಿ ಬಿಗಿಯಿರಿ. ಬಾಗಿಲು ಚೌಕಟ್ಟಿಗೆ ತಾಗುವಲ್ಲಿ ಫೆಲ್ಟ್ ಬಿಲ್ಲೆ ಎರಡು.

ಗದಗಿನಾಂವ
ಒಳಗಿನ ಹ್ಯಾಂಗರ್ ಸುದ್ದಾ ನೋಡ್ರಿ. ತಂತಿ ಹ್ಯಾಂಗರ್ ಇದ್ರ ಅವೂ ಹಾಡ್ತಾವ.

ಶ್ರುತಿಪೆಟ್ಟಿಗೆ
ಹ್ಯಾಂಗರೇ!